ಸತ್ತ ಮೇಲೆ ಬಂದ ವರದಿ

ಅಕ್ಟೋಬರ್ 14, ಮಂಗಳವಾರ ಬೆಳಿಗ್ಗೆ ಕೂಡ್ಲಿಗಿ ಪೊಲೀಸ್ ಠಾಣೆಗೆ ಬಂದ ಬೊಮ್ಮಪ್ಪನಿಗೆ ಕುರ್ಚಿ ಕೊಟ್ಟರೂ ಆತ ಕೂರಲಿಲ್ಲ. ಮೊಬೈಲನ್ನು ಮುಂದೆ ಚಾಚಿಕೊಂಡು ನಿಂತೇ ಇದ್ದ. ರಾತ್ರಿಯಿಡೀ ಅತ್ತು ಕಣ್ಣು ಬತ್ತಿಹೋಗಿತ್ತು. ಅಂಗಿಯ ತೋಳಿನ ಮೇಲೆ ಒಣಗಿದ ರಕ್ತದ ಕಲೆಯಿತ್ತು.

ಇನ್ಸ್‌ಪೆಕ್ಟರ್ ಗಂಗಾಂಬಿಕಾ ಮೊಬೈಲ್ ಇಸಿದುಕೊಂಡು ಓದಿದರು. ‘ತುಂಗಾತೀರ ಲ್ಯಾಬ್. ರೋಗಿಯ ಹೆಸರು: ಮಾಳಮ್ಮ. ಫಲಿತಾಂಶ ಅಪಾಯದ ಮಟ್ಟದಲ್ಲಿದೆ. ತಕ್ಷಣ ವೈದ್ಯರನ್ನು ಕಾಣಿರಿ.’ ಸಂದೇಶ ಬಂದದ್ದು ಹಿಂದಿನ ರಾತ್ರಿ 8.10ಕ್ಕೆ.

“ಮಾಳಮ್ಮ ಯಾರು?”

“ನನ್ನ ಮಗಳ್ರಿ. ಚೊಚ್ಚಲ ಬಸರಿ. ಹೆರಿಗಿಗಂತ ಕರಕೊಂಡು ಬಂದಿದ್ದೆ.”

“ಈಗ ಎಲ್ಲದಾಳ?”

ಬೊಮ್ಮಪ್ಪ ಗೋಡೆಯ ಕಡೆ ತಿರುಗಿ ಹೇಳಿದ. “ಬಳ್ಳಾರಿ ದವಾಖಾನಿ ಮುಂದ ನಿಂತಿದ್ದೆ ಮೇಡಂ. ಡಾಕ್ಟ್ರು ಹೊರಗ ಬಂದು, ಕೂಸು ಉಳದೈತಿ, ತಾಯಿ ಹೋದ್ಲು ಅಂತ ಹೇಳಾಕತ್ತಿದ್ರು. ಅವ್ರ ಮಾತು ಮುಗಿದಿದ್ದಿಲ್ಲ, ಕಿಸೇದಾಗ ಇದು ಟಿಂಗ್ ಅಂತು. ತಕ್ಷಣ ವೈದ್ಯರನ್ನ ಕಾಣ್ರಿ ಅಂತ. ವೈದ್ಯರು ನನ್ನ ಮುಂದ ನಿಂತಿದ್ರು ನೋಡ್ರಿ.”

ಗಂಗಾಂಬಿಕಾ ಹದಿನಾರು ವರ್ಷದ ನೌಕರಿಯಲ್ಲಿ ಸಾವಿನ ದೂರುಗಳನ್ನು ಬೇಕಾದಷ್ಟು ಬರೆಸಿಕೊಂಡಿದ್ದರು. ಆದರೂ ಅವತ್ತು ಆ ಸಂದೇಶವನ್ನು ಇನ್ನೊಮ್ಮೆ ಓದಿಯೇ ಪೆನ್ನು ಹಿಡಿದರು.

ಬೊಮ್ಮಪ್ಪನ ದೂರು ಹೀಗಿತ್ತು: ಸೋಮವಾರ ಬೆಳಿಗ್ಗೆ ಮಗಳಿಗೆ ತಲೆನೋವು, ಕಣ್ಣು ಮಂಜು. ಕೂಡ್ಲಿಗಿಯ ನರ್ಸಿಂಗ್ ಹೋಮಿನಲ್ಲಿ ರಕ್ತದೊತ್ತಡ ನೋಡಿ ಮಾತ್ರೆ ಕೊಟ್ಟ ಡಾಕ್ಟರು, ರಕ್ತ ಪರೀಕ್ಷೆಯ ವರದಿ ಕೈಗೆ ಬಂದರೆ ಬಳ್ಳಾರಿಗೆ ಕಳಿಸುವುದೋ ಇಲ್ಲೇ ಇರಿಸಿಕೊಳ್ಳುವುದೋ ಹೇಳುತ್ತೇನೆ ಎಂದಿದ್ದರು. ತುಂಗಾತೀರ ಲ್ಯಾಬಿನ ಕೂಡ್ಲಿಗಿ ಸಂಗ್ರಹ ಕೇಂದ್ರದಲ್ಲಿ ಗಾದೆಮ್ಮ ಎಂಬ ಟೆಕ್ನಿಷಿಯನ್ ರಕ್ತ ತೆಗೆದುಕೊಂಡಳು. ಮಧ್ಯಾಹ್ನದೊಳಗೆ ಬರಬೇಕಿದ್ದ ವರದಿ ಸಂಜೆಯಾದರೂ ಬರಲಿಲ್ಲ. ನಾಲ್ಕೂವರೆಗೆ ಮಾಳಮ್ಮನಿಗೆ ಫಿಟ್ಸ್ ಬಂತು. ಮುಂದಿನದು ಬಳ್ಳಾರಿಯ ದಾರಿ.

ಭಾರತೀಯ ನ್ಯಾಯ ಸಂಹಿತೆ ಕಲಂ 106(1)ರ ಅಡಿ, ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ದೂರಿನಲ್ಲಿದ್ದ ಹೆಸರು ಗಾದೆಮ್ಮನದು, ಜತೆಗೆ ಲ್ಯಾಬಿನ ಆಡಳಿತದವರು. ಮದುವೆಯಾಗಿ ಏಳು ವರ್ಷ ತುಂಬಿರದ ಹೆಣ್ಣುಮಗಳಾದ್ದರಿಂದ ತಹಶೀಲ್ದಾರರು ಶವ ಪಂಚನಾಮೆಗೆ ಬಳ್ಳಾರಿಗೆ ಹೊರಟರು. ನರ್ಸಿಂಗ್ ಹೋಮಿನ ಚಿಕಿತ್ಸೆಯ ಬಗ್ಗೆ ಅಭಿಪ್ರಾಯ ಕೇಳಿ ಜಿಲ್ಲಾ ಆರೋಗ್ಯಾಧಿಕಾರಿಗೆ ಪತ್ರ ಹೋಯಿತು.

ಎಫ್‌ಐಆರಿನ ಶಾಯಿ ಆರುವ ಮುನ್ನವೇ ಊರು ಎದ್ದಿತ್ತು. ಹೆಡ್ ಕಾನ್‌ಸ್ಟೆಬಲ್ ಬೀರಲಿಂಗೇಶ್ ಜೀಪು ತೆಗೆದುಕೊಂಡು ಹೋಗುವಷ್ಟರಲ್ಲಿ ಸಂಗ್ರಹ ಕೇಂದ್ರದ ಗಾಜು ಪುಡಿಯಾಗಿತ್ತು. ಗಾದೆಮ್ಮ ಒಳಗಿನ ಶೌಚಾಲಯದ ಚಿಲಕ ಹಾಕಿಕೊಂಡು ಕೂತಿದ್ದಳು. ಆಕೆಯನ್ನು ಕರೆತಂದದ್ದು ಬಂಧಿಸುವುದಕ್ಕಿಂತ ಹೆಚ್ಚಾಗಿ ಉಳಿಸುವುದಕ್ಕೆ.

“ರಕ್ತ ಎಷ್ಟೊತ್ತಿಗೆ ತಗೊಂಡ್ರಿ?” ಗಂಗಾಂಬಿಕಾ ಕೇಳಿದರು.

“ಏಳೂವರಿಗೆ.”

“ಹರಪನಹಳ್ಳಿಗೆ ಹೆಂಗ ಕಳಿಸಿದ್ರಿ?”

“ದಿನಾ ಕಳಿಸೋ ಹಂಗ. ಐಸ್ ಡಬ್ಬಿಯೊಳಗಿಟ್ಟು ಕೊಟ್ಟೂರು ಮ್ಯಾಲೆ ಹೋಗೋ ಬಸ್ಸಿಗೆ ಕೊಟ್ಟೆ.”

“ವರದಿ ಬರ್ಲಿಲ್ಲ. ಸುಮ್ನ ಕುಂತ್ರೇನು?”

“ಇಲ್ರಿ! ಹೆಡ್ ಆಫೀಸಿಗೆ ಫೋನ್ ಮ್ಯಾಲೆ ಫೋನ್ ಹಚ್ಚಿದೆ. ಬಸರಿ ಹೆಣ್ಮಗಳು, ಕಣ್ಣು ಮಂಜು ಅಂತಾಳ, ಲಗೂನ ಕಳಿಸ್ರಿ ಅಂದೆ. ಇನ್ನೈದು ನಿಮಿಷ, ಇನ್ನೈದು ನಿಮಿಷ ಅಂದ್ರು.”

“ಯಾರು ಅಂದಿದ್ದು?”

“ಹುಲುಗೇಶ. ಅಲ್ಲಿ ಕಂಪ್ಯೂಟರ್ ನೋಡ್ಕೋತಾನ.” ಗಾದೆಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. “ಮಾಳಿ ನಮ್ಮ ಓಣಿಯಾಗ ಆಡಿ ಬೆಳದಾಕಿ. ಸೂಜಿ ಚುಚ್ಚುವಾಗ ನಕ್ಕೋತ, ಅಕ್ಕಾ ನೋವಾಗದಂಗ ಚುಚ್ಚು ಅಂದ್ಲು. ಮೇಡಂ, ನಾನ ಕೊಂದೆನೇನ್ರಿ?”

ತನಿಖೆ ಮುಗಿಯಲಿ ಎಂದರು ಗಂಗಾಂಬಿಕಾ. ಠಾಣೆಯಲ್ಲಿ ಎಲ್ಲರಿಗೂ ಹೇಳುವ ಮಾತೇ ಅದು. ಆಕೆಗೆ ಸಮಾಧಾನವಾಗಲಿಲ್ಲ.

ಠಾಣೆಯಿಂದ ಕೇಳಿದ್ದ ವಿವರಣೆಗೆ ಮಧ್ಯಾಹ್ನ ಲ್ಯಾಬಿನ ಹರಪನಹಳ್ಳಿ ಕಚೇರಿಯಿಂದ ಮಾಲೀಕ ಗುರುಶಾಂತನ ಸಹಿಯಿದ್ದ ಉತ್ತರ ಬಂತು. ಕೂಡ್ಲಿಗಿ ಕೇಂದ್ರದಿಂದ ಬಂದ ರಕ್ತ ಹೆಪ್ಪುಗಟ್ಟಿತ್ತು, ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕಾಯಿತು, ವಿಳಂಬಕ್ಕೆ ಟೆಕ್ನಿಷಿಯನ್ನಳ ಅಜಾಗರೂಕತೆಯೇ ಕಾರಣ ಎಂದು ಅದರಲ್ಲಿತ್ತು. ಬೀರಲಿಂಗೇಶ್ ಅದನ್ನು ಗಟ್ಟಿಯಾಗಿ ಓದುತ್ತಿದ್ದಾಗ ಗಾದೆಮ್ಮ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅರ್ಧ ಗಂಟೆಯ ನಂತರ ಮಹಿಳಾ ಪೇದೆಯೊಬ್ಬಳು ಬಚ್ಚಲಿನಿಂದ ಚೀರಿದಳು. ಗಾದೆಮ್ಮನ ಕೈಯಲ್ಲಿ ಫಿನಾಯಿಲ್ ಬಾಟಲಿ ಇತ್ತು. ಮುಚ್ಚಳ ತೆರೆದಿತ್ತು. ಒಂದು ಗುಟುಕು ಒಳಗೆ ಹೋಗಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ಆಕೆಯನ್ನು ತಾಲ್ಲೂಕು ಆಸ್ಪತ್ರೆಗೆ ಸೇರಿಸಿ, ಜೀವಕ್ಕೆ ಭಯವಿಲ್ಲ ಎಂದು ಡಾಕ್ಟರ್ ಬಾಯಿಂದ ಕೇಳಿಸಿಕೊಂಡು ಹಿಂತಿರುಗಿದ ಗಂಗಾಂಬಿಕಾ ಕೈ ತೊಳೆದುಕೊಂಡರು. ಕೈಗೆ ಫಿನಾಯಿಲ್ ವಾಸನೆ ಹತ್ತಿತ್ತು, ಎಷ್ಟು ತೊಳೆದರೂ ಹೋಗಲಿಲ್ಲ.

“ಬೀರಲಿಂಗೇಶ್, ಈ ಕಾಗದ ಸುಳ್ಳೋ ಖರೇವೋ ನಾಳೆ ಸಂಜಿಯೊಳಗ ಗೊತ್ತಾಗಬೇಕು. ಇಲ್ಲಾಂದ್ರ ಆಕಿ ಇನ್ನೊಂದ್ಸಲ ಪ್ರಯತ್ನ ಮಾಡ್ತಾಳ.”

“ಎಲ್ಲಿಂದ ಸುರು ಮಾಡೋಣ್ರಿ?”

“ಆ ಲ್ಯಾಬಿಂದು ಐದು ಊರಾಗ ಕೇಂದ್ರ ಅದಾವ. ಸೋಮವಾರ ಬ್ಯಾರೆ ಊರಾಗ ರಕ್ತ ಕೊಟ್ಟವರಿಗೆ ವರದಿ ಎಷ್ಟೊತ್ತಿಗೆ ಬಂತು, ಕೇಳ್ಕೊಂಡು ಬಾ.”

ಬುಧವಾರ ಬೀರಲಿಂಗೇಶ್ ಹಗರಿಬೊಮ್ಮನಹಳ್ಳಿ, ಹಡಗಲಿ ಎಲ್ಲ ಸುತ್ತಿದ. ಸಕ್ಕರೆ ಕಾಯಿಲೆಯ ಮೇಷ್ಟ್ರು, ಥೈರಾಯ್ಡಿನ ಮುದುಕಿ, ಜ್ವರ ಬಂದಿದ್ದ ಕ್ಲೀನರ್, ಹೀಗೆ ಸಿಕ್ಕವರ ಮೊಬೈಲನ್ನೆಲ್ಲ ನೋಡಿದ. ಹಡಗಲಿಯಿಂದಲೇ ಫೋನ್ ಮಾಡಿದ.

“ಮೇಡಂ, ಎಲ್ಲಾರಿಗೂ ಎಂಟು ಹತ್ತಕ್ಕ ಬಂದೈತ್ರಿ. ಕೊಟ್ಟೂರಾಗೂ ಅಷ್ಟ, ಇಲ್ಲೂ ಅಷ್ಟ. ಮಧ್ಯಾಹ್ನದ ಮ್ಯಾಲೆ ಒಬ್ಬರಿಗೂ ಒಂದೂ ಬಂದಿಲ್ಲ. ಎಂಟು ಹತ್ತಕ್ಕ ಕಟ್ಟೆ ಒಡದಂಗ ಒಮ್ಮೆಲೆ ಬಂದಾವ.”

ಕೂಡ್ಲಿಗಿಯ ಒಂದು ಟ್ಯೂಬಿನ ರಕ್ತ ಹೆಪ್ಪುಗಟ್ಟಿದರೆ ಹಡಗಲಿಯ ಮೇಷ್ಟ್ರ ಸಕ್ಕರೆ ವರದಿ ಯಾಕೆ ಕಾಯಬೇಕು? ಗಂಗಾಂಬಿಕಾ ಟೋಪಿ ಎತ್ತಿಕೊಂಡು ಜೀಪು ಹತ್ತಿದರು.

ಹರಪನಹಳ್ಳಿಯ ಹೊರವಲಯದಲ್ಲಿ ರಸ್ತೆಯ ಒಂದು ಬದಿಗೆ ಮೆಕ್ಕೆಜೋಳ ಒಣಹಾಕಿದ್ದರು. ಇನ್ನೊಂದು ಬದಿಯಲ್ಲಿ ವಾಹನಗಳು ಸಾಲಾಗಿ ತೆವಳುತ್ತಿದ್ದವು. ಲ್ಯಾಬು ಬಸ್ ನಿಲ್ದಾಣದ ಹಿಂದಿನ ಎರಡಂತಸ್ತಿನ ಕಟ್ಟಡದಲ್ಲಿತ್ತು. ಗುರುಶಾಂತ ಮೈತುಂಬ ಬೆವರಿದ್ದ. ಸೋಮವಾರ ತಾನು ಊರಿನಲ್ಲೇ ಇರಲಿಲ್ಲ, ದಾವಣಗೆರೆಯಲ್ಲಿ ಮದುವೆಗೆ ಹೋಗಿದ್ದೆ, ಕಾಗದ ಬರೆದದ್ದು ಹುಲುಗೇಶ, ತಾನು ಸಹಿ ಮಾಡಿದ್ದಷ್ಟೇ ಎಂದ.

ಹುಲುಗೇಶನಿಗೆ ಇಪ್ಪತ್ತೇಳು ವರ್ಷ. ಸಣಕಲು ಆಸಾಮಿ, ಅದೇ ತಾಲ್ಲೂಕಿನ ಅರಸೀಕೆರೆಯವನು. ಎರಡು ದಿನದಿಂದ ನಿದ್ದೆ ಮಾಡಿಲ್ಲವೆಂದು ಮುಖವೇ ಹೇಳುತ್ತಿತ್ತು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ.

“ಸಿಸ್ಟಮ್ಮು ತಾನಾಗೇ ನಿಂತಿತ್ತು ಮೇಡಂ.”

“ಕಾಗದದಾಗ ರಕ್ತ ಹೆಪ್ಪುಗಟ್ಟಿತ್ತು ಅಂತ ಬರದಿ.”

“ಅದೂ ಇತ್ತು. ಇದೂ ಆಯ್ತು.”

ಸಾಫ್ಟ್‌ವೇರ್ ಕೂರಿಸಿಕೊಟ್ಟಿದ್ದ ಕಂಪನಿಯ ಅರ್ಚನಾ ದಾವಣಗೆರೆಯಿಂದ ಬಂದಳು. ಪೊಲೀಸರೆಂದರೆ ಅವಳಿಗೆ ಹೆದರಿಕೆ. ಆದರೆ ಕಂಪ್ಯೂಟರ್ ಮುಂದೆ ಕೂತ ಮೇಲೆ ದನಿ ಗಟ್ಟಿಯಾಯಿತು. ಇಬ್ಬರು ಪಂಚರ ಎದುರು ಗಂಗಾಂಬಿಕಾ ತೆರೆಯ ಮೇಲೆ ಬಂದದ್ದನ್ನೆಲ್ಲ ಒಂದೊಂದಾಗಿ ಪಂಚನಾಮೆಗೆ ಬರೆಸಿದರು.

“ಇಲ್ಲಿ ಯಾರೂ ಕೂತು ಒಂದೊಂದೇ ವರದಿ ಕಳಿಸಲ್ಲ ಮೇಡಂ,” ಎಂದಳು ಅರ್ಚನಾ. “ಯಾವ ಕೆಲಸ ಯಾವುದರ ಹಿಂದೆ ಆಗಬೇಕು ಅಂತ ಮೊದಲೇ ಕಟ್ಟಿಟ್ಟಿರ್ತೀವಿ. ಪರೀಕ್ಷೆ ಮಾಡೋ ಯಂತ್ರದಿಂದ ಲೆಕ್ಕ ಬರುತ್ತೆ, ಡಾಕ್ಟರ್ ಒಪ್ಪಿಗೆ ಹಾಕ್ತಾರೆ, ಆಮೇಲೆ ಒಂದು ಕೆಲಸ ಎಲ್ಲ ವರದಿನೂ ಅವರವರ ಫೋನಿಗೆ ಕಳಿಸುತ್ತೆ. ಮುಂದಿನದು ನಿಂತ್ರೆ ಹಿಂದಿನದೂ ನಿಲ್ಲುತ್ತೆ. ಕೊಟ್ಟೂರಿನ ರೈಲ್ವೆ ಗೇಟು ಹಾಕಿದ ಹಾಗೆ ಅಂತ ತಿಳ್ಕೊಳ್ಳಿ. ಹಿಂದೆ ಆಂಬುಲೆನ್ಸ್ ಇದೆಯೋ ಎತ್ತಿನ ಗಾಡಿ ಇದೆಯೋ ಗೇಟಿಗೆ ಗೊತ್ತಾಗಲ್ಲ.”

“ಜೀವಕ್ಕ ಅಪಾಯ ಇದ್ದ ವರದಿಗೂ ಅದೇ ಗೇಟೇನು?”

ಅರ್ಚನಾ ಗುರುಶಾಂತನ ಕಡೆ ನೋಡಿದಳು. “ಅದಕ್ಕೆ ಬೇರೆ ದಾರಿ ಇಡಬೇಕು ಅಂತ ಹೇಳಿದ್ದೆ. ಸದ್ಯಕ್ಕೆ ಬೇಡ ಅಂದ್ರು.” ಗುರುಶಾಂತ ಕರ್ಚೀಫಿನಿಂದ ಕತ್ತು ಒರೆಸಿಕೊಂಡ.

“ಸೋಮವಾರ ಗೇಟು ತಾನಾಗಿ ಬಿತ್ತೋ, ಯಾರಾದ್ರೂ ಹಾಕಿದ್ರೋ?”

“ತಾನಾಗಿ ಕೆಟ್ಟಿದ್ರೆ ಇಲ್ಲಿ ಕೆಂಪಗೆ ‘ವಿಫಲ’ ಅಂತ ಬರ್ತಿತ್ತು. ಇದು ಹಳದಿ. ‘ಹೋಲ್ಡ್’ ಅಂತಾರೆ. ಅದಕ್ಕೆ ಒಬ್ಬರ ಕೈ ಬೇಕೇ ಬೇಕು. ಹನ್ನೊಂದೂವರೆ ಸುಮಾರಿಗೆ ಈ ಕಂಪ್ಯೂಟರಿಂದಲೇ ಹಾಕಿದ್ದಾರೆ.”

ಪಾಸ್‌ವರ್ಡ್ ಗುರುಶಾಂತನಿಗೂ ಹುಲುಗೇಶನಿಗೂ ಗೊತ್ತಿತ್ತು. ಗುರುಶಾಂತ ದಾವಣಗೆರೆಯ ಮದುವೆ ಮನೆಯಲ್ಲಿದ್ದನೆಂಬುದಕ್ಕೆ ಹತ್ತಾರು ಜನ ಸಾಕ್ಷಿ ಇದ್ದರು. ಹುಲುಗೇಶನ ಮಾತು ಬದಲಾಯಿತು. ತಾನು ಊಟಕ್ಕೆ ಹೋದಾಗ ಯಾರೋ ಬಂದು ಒತ್ತಿರಬಹುದು ಎಂದ. ಹಡಗಲಿಯಿಂದ ನೇರ ಇಲ್ಲಿಗೆ ಬಂದಿದ್ದ ಬೀರಲಿಂಗೇಶ್, ಹನ್ನೊಂದೂವರೆಗೆ ಊಟವೇ ಎಂದು ಕೇಳಿದ.

ಯಾರು ಎಂಬುದು ಹೆಚ್ಚೂಕಡಿಮೆ ಗೊತ್ತಾಗಿತ್ತು. ಯಾಕೆ ಎಂಬುದು ಮಾತ್ರ ಗಂಗಾಂಬಿಕಾಗೆ ತಿಳಿಯಲಿಲ್ಲ. ಮಾಳಮ್ಮ ಯಾರೆಂದೇ ತಿಳಿಯದ ಹುಡುಗ, ಐದು ಊರಿನ ವರದಿಗಳನ್ನು ಇಡೀ ದಿನ ಕಟ್ಟಿಹಾಕಿ ಏನು ಪಡೆಯಬೇಕು?

“ಎಂಟು ಹತ್ತಕ್ಕ ಗೇಟು ತೆಗೆದ ಮ್ಯಾಲೆ ಎಲ್ಲಾ ಹೋದವೇನಮ್ಮ?” ಎಂದು ಕೇಳಿದರು.

ಅರ್ಚನಾ ತೆರೆಯ ಮೇಲೆ ಬೆರಳಾಡಿಸಿದಳು. “ಎಲ್ಲಾ ಹೋಗಿವೆ... ಇಲ್ಲ, ಒಂದು ಹೋಗಿಲ್ಲ. ಒಂದು ಕಟ್ಟು ಬೇರೆ ಮಾಡಿ ಇಟ್ಟಿದ್ದಾರೆ. ಈಗಲೂ ಹಳದಿನೇ ಇದೆ.”

“ಯಾವುದದು?”

“ಅರಸೀಕೆರೆಯ ಒಂದು ವಸತಿ ಶಾಲೆ. ಅಡುಗೆಯವರ ಆರೋಗ್ಯ ತಪಾಸಣೆ. ನೇರ ಶಾಲೆಯ ಮ್ಯಾನೇಜರಿಗೆ ಹೋಗಬೇಕಿತ್ತು.”

ಹುಲುಗೇಶ ಕೂತಿದ್ದ ಸ್ಟೂಲು ಕಿರ್ರೆಂದಿತು. ಗಂಗಾಂಬಿಕಾ ತಿರುಗಿ ನೋಡಿದರು. ಅವನು ತನ್ನೆರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಮರುದಿನ ಗುರುವಾರ ಗಂಗಾಂಬಿಕಾ ಸಮವಸ್ತ್ರ ತೊಡದೆ ಸೀರೆಯಲ್ಲಿ ಅರಸೀಕೆರೆಗೆ ಹೋದರು. ಅದೊಂದು ಖಾಸಗಿ ವಸತಿ ಶಾಲೆ. ಅಡುಗೆಮನೆಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ದೊಡ್ಡ ಸೌಟು ಹಿಡಿದು ಸಾರು ತಿರುವುತ್ತಿದ್ದವಳ ಹೆಸರು ಹೊನ್ನೂರಮ್ಮ. ಐವತ್ತರ ಆಸುಪಾಸು, ಹಣೆತುಂಬ ಬೆವರು, ಹಸನ್ಮುಖ.

“ತಪಾಸಣೆಗೆ ಬಂದೀರೇನಮ್ಮ? ಕೂಡ್ರಿ, ಚಾ ಮಾಡ್ತೀನಿ.”

“ಬ್ಯಾಡ್ರಿ. ಈ ಸಲ ನಿಮ್ಮದೆಲ್ಲ ರಕ್ತ ಪರೀಕ್ಷೆ ಆಯ್ತೇನು?”

“ಆಯ್ತು. ಉಳಿದೋರದು ಇನ್ನೂ ಬಂದಿಲ್ಲ. ನಂದು ಬಂದೈತೆ. ನನ್ನ ಮಗ ಅಲ್ಲೇ ಲ್ಯಾಬಿನಾಗೇ ಕೆಲಸ ಮಾಡ್ತಾನೆ. ಹುಲುಗೇಶ ಅಂತ. ಅವ್ವಾ ನಿಂದು ಎಲ್ಲ ಚೆನ್ನಾಗೈತೆ ಅಂತ ಅವನೇ ಹೇಳಿದ.” ಮಗನ ಹೆಸರು ಹೇಳುವಾಗ ಆಕೆಯ ಮುಖ ಅರಳಿತು. “ಎರಡು ದಿನದಿಂದ ಉಣ್ಣವಲ್ಲ ನೋಡ್ರಿ. ಆಫೀಸಿನಾಗೆ ಏನೋ ಕೆಲಸ ಜಾಸ್ತಿಯಂತೆ.”

ಗಂಗಾಂಬಿಕಾ ತಲೆಯಾಡಿಸಿ ಹೊರಬಂದರು. ಶಾಲೆಯ ಗೇಟಿನ ತನಕ ನಡೆದು, ಬೇಲಿ ಹಿಡಿದುಕೊಂಡು ನಿಂತರು. ಇಷ್ಟು ದಿನ ಹುಡುಕಿದ ಉತ್ತರ ಸಿಕ್ಕಿತ್ತು. ಸಿಗದೇ ಇದ್ದರೆ ಚೆನ್ನಾಗಿತ್ತು ಎಂದು ಒಂದು ಕ್ಷಣ ಅನ್ನಿಸಿತು. ಆ ಯೋಚನೆಯ ಹಿಂದೆಯೇ ಬೊಮ್ಮಪ್ಪನ ಅಂಗಿಯ ತೋಳು ಕಣ್ಣಮುಂದೆ ಬಂತು.

ಸಂಜೆ ನಾಲ್ಕಕ್ಕೆ ಹರಪನಹಳ್ಳಿಯಲ್ಲಿ ಹುಲುಗೇಶನ ಎದುರು ಕೂತರು.

“ಅರಸೀಕೆರಿಗೆ ಹೋಗಿದ್ದೆ. ನಿಮ್ಮವ್ವನ್ನ ನೋಡಿದೆ.”

ಹುಲುಗೇಶ ದಡಕ್ಕನೆ ಎದ್ದ. “ಹೇಳಿದ್ರಾ?”

“ಏನನ್ನ?”

“ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ. ಅವ್ವಂಗೆ ಹೇಳಿದ್ರಾ?”

“ಹೇಳಿಲ್ಲ. ಕೂಡ್ರು. ನೀ ಹೇಳು.”

ಅವನು ಕೂತ. ಶುರು ಮಾಡಿದ ಮೇಲೆ ಯಾರೂ ಕೇಳದಿದ್ದರೂ ಹೇಳುತ್ತಲೇ ಹೋದ.

ಸೋಮವಾರ ಬೆಳಿಗ್ಗೆ ಡಾಕ್ಟರ ಒಪ್ಪಿಗೆಯಾಗಿ ಬಂದ ವರದಿಗಳ ನಡುವೆ ಅವನು ತಾಯಿಯ ಹೆಸರು ನೋಡಿದ್ದ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕು, ಪಾಸಿಟಿವ್. ಇನ್ನು ಕೆಲವೇ ನಿಮಿಷಕ್ಕೆ ಅದು ಶಾಲೆಯ ಮ್ಯಾನೇಜರನ ಫೋನಿಗೆ ಹೋಗುವುದಿತ್ತು. ವರದಿ ಅಳಿಸುವ ಅಧಿಕಾರ ಅವನಿಗಿರಲಿಲ್ಲ. ಅವನ ಕೈಯಲ್ಲಿದ್ದದ್ದು ಎರಡೇ, ನಿಲ್ಲಿಸುವುದು ಮತ್ತು ಬಿಡುವುದು. ನಿಲ್ಲಿಸಿದ.

“ಶಾಲೆಯ ಕಟ್ಟೊಂದನ್ನೇ ತೆಗೆದಿಟ್ಟು ಉಳಿದದ್ದು ಬಿಟ್ರಾಯ್ತು ಅಂದ್ಕೊಂಡೆ. ಹೆಂಗೆ ತೆಗೀಬೇಕು ಗೊತ್ತಾಗಲಿಲ್ಲ. ಒಂದು ಬಿಚ್ಚಿದ್ರೆ ಇನ್ನೊಂದು ಗಂಟು. ಅರ್ಚನಾ ಮೇಡಮ್ಮಿಗೆ ಕೇಳಿದ್ರೆ ಯಾಕೆ ಅಂತಾರೆ. ಇನ್ನೈದು ನಿಮಿಷ ನೋಡೋಣ, ಇನ್ನೈದು ನಿಮಿಷ ನೋಡೋಣ ಅಂತ... ರಾತ್ರಿ ಆಯ್ತು.”

“ಗಾದೆಮ್ಮ ಫೋನ್ ಮಾಡಿದ್ಲು. ಬಸರಿ ಹೆಣ್ಮಗಳು ಅಂದಿದ್ಲು.”

“ಅಂದಿದ್ರು. ದಿನಾ ಎಲ್ಲ ಕೇಂದ್ರದವರೂ ಹಂಗೇ ಅಂತಾರೆ ಮೇಡಂ, ಬೇಗ ಕಳಿಸು ಅಂತ. ಅವರ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆ ಒಂದು ವರದಿನಾದ್ರೂ ಫೋನ್ ಮಾಡಿ ಹೇಳಬಹುದಿತ್ತು. ಬಾಯಲ್ಲಿ ಹೇಳೋದಕ್ಕೆ ಯಾವ ಸಿಸ್ಟಮ್ಮೂ ಬೇಕಿರಲಿಲ್ಲ.”

“ಆಮ್ಯಾಲೆ ಆಕಿ ಮ್ಯಾಲೆ ಹಾಕಿದಿ.”

“ಹೆದರಿದೆ.”

“ಆಕಿ ಫಿನಾಯಿಲ್ ಕುಡಿಯಾಕ ಹೋಗಿದ್ಲು. ಗೊತ್ತೈತೇನು ನಿನಗ?”

ಅವನಿಗೆ ಗೊತ್ತಿರಲಿಲ್ಲ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ.

ಗಂಗಾಂಬಿಕಾ ಕೇಳಿದರು. “ಅಡಿಗಿ ಮಾಡೋದರಿಂದ ಆ ರೋಗ ಅಂಟಂಗಿಲ್ಲ. ಲ್ಯಾಬಿನಾಗ ಇದ್ದು ನಿನಗಷ್ಟೂ ಗೊತ್ತಿದ್ದಿಲ್ಲೇನು?”

“ಗೊತ್ತಿತ್ತು ಮೇಡಂ. ಊರಿಗೆ ಯಾರು ಹೇಳ್ತಾರೆ? ಹೋದ ವರ್ಷ ಅದೇ ಅಡುಗೆಮನೇಲಿ ಕೊಟ್ರಮ್ಮ ಅಂತ ಇದ್ರು. ಅವರಿಗೂ ಇದೇ ಬಂತು. ಮ್ಯಾನೇಜರು ಅವತ್ತೇ ಕಳಿಸಿದ್ರು. ಅಷ್ಟೇ ಆಗಿದ್ರೆ ಪರವಾಗಿಲ್ಲ. ನಲ್ಲಿ ಹತ್ರ ಅವರ ಕೊಡ ಬಂದ್ರೆ ಉಳಿದ ಕೊಡ ದೂರ ಸರೀತಿದ್ವು. ಮೊಮ್ಮಗಳನ್ನ ಎತ್ತಿಕೊಳ್ಳೋಕೆ ಸೊಸೆ ಬಿಡಲಿಲ್ಲ. ಒಂದಿನ ಬೆಳಿಗ್ಗೆ ಎದ್ದು ಹೋದೋರು ತಿರುಗಿ ಬರಲಿಲ್ಲ. ಎಲ್ಲಿದ್ದಾರೋ, ಇದ್ದಾರೋ ಇಲ್ವೋ ಯಾರಿಗೂ ಗೊತ್ತಿಲ್ಲ. ಸೋಮವಾರ ಆ ವರದಿ ನೋಡಿದಾಗ ಅವ್ರ ಜಾಗದಾಗೆ ನಮ್ಮವ್ವನ್ನ ಕಂಡೆ.”

ಸಂಜೆ ಆರೂವರೆಗೆ ಹುಲುಗೇಶನಿಗೆ ಬಂಧನದ ಕಾರಣಗಳನ್ನು ಓದಿ ಹೇಳಿ ಸಹಿ ಪಡೆಯಲಾಯಿತು. ಪ್ರಕರಣಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66, ಸುಳ್ಳು ಸಾಕ್ಷ್ಯ ಸೃಷ್ಟಿಯ ಕಲಂ ಸೇರಿದವು. ಅಪಾಯದ ವರದಿಗೆ ಬೇರೆ ದಾರಿ ಬೇಡವೆಂದಿದ್ದ ಗುರುಶಾಂತ ಎರಡನೇ ಆರೋಪಿಯಾದ. ಗಾದೆಮ್ಮನ ಹೆಸರು ಕೈಬಿಡಲಾಯಿತು. ತಾಲ್ಲೂಕು ಆಸ್ಪತ್ರೆಯ ಹಾಸಿಗೆಯ ಮೇಲೆ ಆ ಸುದ್ದಿ ಕೇಳಿದ ಗಾದೆಮ್ಮ ಸಂತೋಷಪಡಲಿಲ್ಲ. “ಒಂದ್ಸಲ ಬಸ್ ಹತ್ತಿ ಹರಪನಹಳ್ಳಿಗೆ ನಾನ ಹೋಗಿ ಬರಬೇಕಿತ್ತು,” ಎಂದಷ್ಟೇ ಹೇಳಿ ಗೋಡೆ ಕಡೆ ಹೊರಳಿದಳು.

ಶುಕ್ರವಾರ ಬೆಳಿಗ್ಗೆ ಹೊನ್ನೂರಮ್ಮ ಬುತ್ತಿಯ ಗಂಟು ಹಿಡಿದು ಕೂಡ್ಲಿಗಿ ಠಾಣೆಗೆ ಬಂದಳು. ಮಗನನ್ನು ಹಿಡಿದಿದ್ದಾರೆ, ಅವನ ಕೈಯಿಂದ ಒಬ್ಬ ಬಾಣಂತಿ ಸತ್ತಳಂತೆ, ಇಷ್ಟೇ ಆಕೆಗೆ ತಿಳಿದದ್ದು. ಮಗ ತಾಯಿಯನ್ನು ನೋಡಲು ಒಲ್ಲೆನೆಂದ. ಗಂಗಾಂಬಿಕಾ ಆಕೆಯನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು.

“ನನ್ನ ಮಗ ಯಾಕೆ ಹಂಗೆ ಮಾಡಿದ ತಾಯಿ? ಒಂದು ಇರುವೆ ತುಳಿಯೋನಲ್ಲ.”

ಇವತ್ತಲ್ಲ ನಾಳೆ ಕೋರ್ಟಿನಲ್ಲಿ ಯಾರೋ ಗಟ್ಟಿಯಾಗಿ ಓದುತ್ತಾರೆ. ಅದಕ್ಕೂ ಮೊದಲೇ ಆಕೆಗೆ ಗೊತ್ತಾಗಬೇಕಿತ್ತು. ಗಂಗಾಂಬಿಕಾ ಆಸ್ಪತ್ರೆಯ ವೈದ್ಯೆಯೊಬ್ಬರನ್ನು ಕರೆಸಿಕೊಂಡಿದ್ದರು. ಇಬ್ಬರೂ ಸೇರಿ ಎಲ್ಲವನ್ನೂ ಹೇಳಿದರು. ರೋಗ ಯಾವುದು, ಹೇಗೆ ಬರುತ್ತದೆ, ಹೇಗೆ ಬರುವುದಿಲ್ಲ, ಔಷಧವಿದೆ, ಮಗ ನಿಲ್ಲಿಸಿದ್ದು ಯಾವ ಕಾಗದವನ್ನು ಎಂಬುದು. ಹೊನ್ನೂರಮ್ಮ ಬುತ್ತಿಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದಳು.

“ಇಷ್ಟಕ್ಕಾ?” ಎಂದಳು ಕೊನೆಗೆ. “ನನಗೊಂದು ಮಾತು ಹೇಳಿದ್ರೆ ಕೆಲಸ ಬಿಟ್ಟು ಮನೇಲಿ ಕೂರ್ತಿದ್ನಲ್ಲ ತಾಯಿ. ಕೊಡ ಸರಿಸಿದ್ರೆ ಸರಿಸಿಕೊಳ್ಳಲಿ, ನಾನು ಕೊನೇಗೆ ಹೋಗಿ ನೀರು ಹಿಡೀತಿದ್ದೆ.”

ಹೊರಗೆ ಬೀರಲಿಂಗೇಶ್ ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಜೀಪು ಶುರು ಮಾಡಿದ್ದ.

ಹೊನ್ನೂರಮ್ಮ ಬುತ್ತಿಯ ಗಂಟನ್ನು ಮೇಜಿನ ಮೇಲಿಡಲು ಹೋದವಳು, ಕೈ ಹಿಂದಕ್ಕೆ ತೆಗೆದುಕೊಂಡು ನೆಲದ ಮೇಲಿಟ್ಟಳು.

“ಆ ಹುಡುಗೀದು ಕೂಸು ಹೆಂಗೈತ್ರಿ?”

“ಉಳದೈತಿ. ಬಳ್ಳಾರಿ ದವಾಖಾನ್ಯಾಗ ಐತಿ. ಹೆಣ್ಣುಮಗು.”

ಗಂಗಾಂಬಿಕಾ ಬಗ್ಗಿ ಬುತ್ತಿಯನ್ನು ನೆಲದಿಂದ ಎತ್ತಿ ಮೇಜಿನ ಮೇಲಿಟ್ಟರು.